ಅರ್ಧ ದೂರದ ಟ್ರಯಾಥ್ಲಾನ್: ನಿದ್ದೆಯಿಂದ ಶುರುವಾಗುವ ತಯಾರಿ

ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮುಗಿಸುವ ಟ್ರಯಾಥ್ಲಾನ್‌ಗೆ ಹೆಸರು ಕೊಡಬೇಕೆಂದು ಹೊರಟವರು ಮೊದಲು ಕೇಳುವುದು ವಾರಕ್ಕೆ ಎಷ್ಟು ಗಂಟೆ ತಾಲೀಮು ಬೇಕು ಎಂದು. ಅದಕ್ಕೂ ಮುಂಚೆ ಕೇಳಿಕೊಳ್ಳಬೇಕಾದ ಪ್ರಶ್ನೆ ಇನ್ನೊಂದಿದೆ: ರಾತ್ರಿ ಎಷ್ಟು ಗಂಟೆ ನಿದ್ದೆ ಮಾಡುತ್ತೀರಿ? ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಈಜುಕೊಳಕ್ಕೆ ಓಡಿ, ಒಂಬತ್ತಕ್ಕೆ ಆಫೀಸಿನ ಕ್ಯಾಬ್ ಹತ್ತಿ, ರಾತ್ರಿ ಹನ್ನೊಂದರ ತನಕ ಅಮೆರಿಕದವರ ಜೊತೆ ಕಾಲ್‌ನಲ್ಲಿ ಕೂತವರಿಗೆ ಉಳಿಯುವುದು ಐದು ಗಂಟೆ ನಿದ್ದೆ. ಅದರ ಮೇಲೆ ವಾರಕ್ಕೆ ಹನ್ನೆರಡು ಗಂಟೆ ತಾಲೀಮು ಹೇರಿದರೆ ದೇಹ ಗಟ್ಟಿಯಾಗುವ ಬದಲು ಸವೆಯುತ್ತದೆ. ತಾಲೀಮಿನಿಂದ ಸ್ನಾಯುವಿಗೆ ಬೀಳುವುದು ಪೆಟ್ಟು. ಆ ಪೆಟ್ಟು ಮಾಯ್ದು ಮೊದಲಿಗಿಂತ ಬಲ ಬರುವುದು ನಿದ್ದೆಯಲ್ಲಿ, ಊಟದಲ್ಲಿ, ರಜೆಯ ದಿನದಲ್ಲಿ. ವೃತ್ತಿಪರರು ಬೆಳಗಿನ ತಾಲೀಮು ಮುಗಿಸಿ ಮಧ್ಯಾಹ್ನ ಮಲಗುತ್ತಾರೆ. ಹವ್ಯಾಸಿಗೆ ಆ ಹೊತ್ತಿಗೆ ಮೀಟಿಂಗ್ ಇರುತ್ತದೆ. ಅವರ ವೇಳಾಪಟ್ಟಿಯನ್ನು ಅರ್ಧಕ್ಕೆ ಇಳಿಸಿ ನಕಲು ಮಾಡಿದರೂ ನಮಗೆ ಒಗ್ಗದಿರುವುದು ಇದಕ್ಕೇ.

ಇಲ್ಲಿ ಹೇಳಹೊರಟಿರುವುದು ಅರ್ಧ ದೂರದ ಬಗ್ಗೆ: 1.9 ಕಿ.ಮೀ. ಈಜು, 90 ಕಿ.ಮೀ. ಸೈಕಲ್, 21.1 ಕಿ.ಮೀ. ಓಟ. ಮೂರನ್ನೂ ಮೈಲಿಯಲ್ಲಿ ಕೂಡಿದರೆ 70.3 ಆಗುತ್ತದೆ, ಐರನ್‌ಮ್ಯಾನ್ 70.3 ಎಂಬ ಹೆಸರು ಬಂದದ್ದು ಹಾಗೆ. ಕೆಲಸ, ಸಂಸಾರ ಇಟ್ಟುಕೊಂಡು ಆರೋಗ್ಯವಾಗಿ ತಯಾರಿ ನಡೆಸಬಹುದಾದ ದೂರ ಇದು. ಇದರ ಎರಡು ಪಟ್ಟಿನ ಪೂರ್ಣ ಐರನ್‌ಮ್ಯಾನ್‌ಗೆ ಬೇಕಾದ ಹೊತ್ತನ್ನು ಹೆಚ್ಚಿನವರು ಮನೆಯವರ ಪಾಲಿನಿಂದಲೇ ಕಿತ್ತುಕೊಳ್ಳಬೇಕಾಗುತ್ತದೆ. ಗೋವಾದ ಮೀರಾಮಾರ್ ಕಡಲತೀರದಲ್ಲಿ 2019ರ ಅಕ್ಟೋಬರ್‌ನಲ್ಲಿ 70.3 ಮೊದಲ ಸಲ ನಡೆಯಿತು. ಬೆಂಗಳೂರಿನವರಿಗೆ ಒಂದು ರಾತ್ರಿಯ ಪ್ರಯಾಣದಲ್ಲಿ ಸಿಗುವ ರೇಸ್ ಅದು. 2024ರಲ್ಲಿ ಬೆಂಗಳೂರು ದಕ್ಷಿಣದ ಸಂಸದ ತೇಜಸ್ವಿ ಸೂರ್ಯ ಅದನ್ನು 8 ಗಂಟೆ 27 ನಿಮಿಷ 32 ಸೆಕೆಂಡಿನಲ್ಲಿ ಮುಗಿಸಿದಾಗ ಕ್ರೀಡೆಯ ಹೆಸರೇ ಕೇಳದವರಿಗೂ ಸುದ್ದಿ ತಲುಪಿತು.

ಇದು ಹುಟ್ಟಿದಾಗಿನಿಂದಲೂ ಹವ್ಯಾಸಿಗಳ ಕ್ರೀಡೆ. 1978ರ ಫೆಬ್ರವರಿ 18ರಂದು ಹವಾಯಿಯ ಓಹು ದ್ವೀಪದಲ್ಲಿ ಮೊದಲ ಐರನ್‌ಮ್ಯಾನ್ ನಡೆದಾಗ ಹೊರಟವರು 15 ಮಂದಿ, ಮುಗಿಸಿದವರು 12. ಗೆದ್ದ ಗೋರ್ಡನ್ ಹಾಲರ್ ತೆಗೆದುಕೊಂಡ ಸಮಯ 11 ಗಂಟೆ 46 ನಿಮಿಷ 58 ಸೆಕೆಂಡು. ಎರಡನೆಯವನಾಗಿ ಬಂದ ಜಾನ್ ಡನ್‌ಬಾರ್‌ಗೆ ಓಟದ ನಡುವೆ ಜೊತೆಗಾರರ ಬಳಿ ನೀರು ಖಾಲಿಯಾಗಿ, ಅವರು ಕೈಗೆ ಬಿಯರ್ ಕೊಟ್ಟಿದ್ದರು. ಹೊಟ್ಟೆಗೆ ಏನು, ಎಷ್ಟು, ಯಾವಾಗ ಎಂಬ ಲೆಕ್ಕ ತಪ್ಪಿದರೆ ಕಾಲಲ್ಲಿ ಕಸುವಿದ್ದೂ ಸೋಲಬೇಕಾಗುತ್ತದೆ ಎಂಬುದು ಮೊದಲ ರೇಸಿನಲ್ಲೇ ಕಂಡಿತ್ತು. ಆ ಲೆಕ್ಕಕ್ಕೆ ಮುಂದೆ ಬರೋಣ.

ಮೊದಲ ಸಲ ಹೋಗುವವರು ಎದುರಿಗೆ ಇಟ್ಟುಕೊಳ್ಳಬಹುದಾದ ಅಂದಾಜು ಹೀಗಿದೆ. ಈಜು 100 ಮೀಟರಿಗೆ 2 ನಿಮಿಷ 40 ಸೆಕೆಂಡಿನಂತೆ ಸುಮಾರು 51 ನಿಮಿಷ. ಸೈಕಲ್ ಗಂಟೆಗೆ 26 ಕಿ.ಮೀ.ನಂತೆ 3 ಗಂಟೆ 28 ನಿಮಿಷ. ಓಟ ಕಿಲೋಮೀಟರಿಗೆ 7 ನಿಮಿಷದಂತೆ 2 ಗಂಟೆ 28 ನಿಮಿಷ. ಈಜಿನಿಂದ ಸೈಕಲ್‌ಗೆ, ಸೈಕಲ್‌ನಿಂದ ಓಟಕ್ಕೆ ಬದಲಾಗುವ ಎರಡು ಟ್ರಾನ್ಸಿಷನ್‌ಗೆ 12 ನಿಮಿಷ ಸೇರಿಸಿದರೂ ಏಳು ಗಂಟೆಯೊಳಗೆ ಬರುತ್ತದೆ. ಕಟ್‌ಆಫ್, ಅಂದರೆ ಮುಗಿಸಲೇಬೇಕಾದ ಸಮಯದ ಮಿತಿ, ಸಾಮಾನ್ಯವಾಗಿ ಈಜಿಗೆ 1 ಗಂಟೆ 10 ನಿಮಿಷ, ಒಟ್ಟಿಗೆ 8 ಗಂಟೆ 30 ನಿಮಿಷ. ಇದರಲ್ಲಿ ಯಾವ ವೇಗವೂ ಭಾರಿಯದಲ್ಲ. ಒಂದರ ಮೇಲೊಂದು ಬರುವುದೇ ಕಷ್ಟ.

ಇಷ್ಟಕ್ಕೆ ಆರು ತಿಂಗಳ ತಯಾರಿ, ವಾರಕ್ಕೆ ಎಂಟರಿಂದ ಹತ್ತು ಗಂಟೆ ಸಾಕು. ಸೋಮವಾರ ಪೂರ್ತಿ ರಜೆ. ಮಂಗಳವಾರ, ಗುರುವಾರ ಬೆಳಿಗ್ಗೆ ಮುಕ್ಕಾಲು ಗಂಟೆ ಈಜು. ಅದರಲ್ಲಿ ಒಂದು ದಿನ ಸಂಜೆ ನಲವತ್ತು ನಿಮಿಷ ಹಗುರ ಓಟ. ಬುಧವಾರ ಮನೆಯಲ್ಲೇ ಇಂಡೋರ್ ಟ್ರೇನರ್ (ಸೈಕಲ್ಲನ್ನು ನಿಂತಲ್ಲೇ ತುಳಿಯಲು ಕೂರಿಸುವ ಸಾಧನ) ಮೇಲೆ ಒಂದು ಗಂಟೆ. ಟ್ರಾಫಿಕ್‌ನಲ್ಲಿ ಒಂದೂವರೆ ಗಂಟೆ ಒದ್ದಾಡುವುದಕ್ಕಿಂತ ಇದರಿಂದ ಹೆಚ್ಚು ಲಾಭ. ಶುಕ್ರವಾರ ಅರ್ಧ ಗಂಟೆ ವ್ಯಾಯಾಮ: ಒಂಟಿ ಕಾಲಿನ ಬಸ್ಕಿ, ಮೀನಖಂಡಕ್ಕೆ ಹಿಮ್ಮಡಿ ಎತ್ತುವುದು, ಪ್ಲ್ಯಾಂಕ್, ಸೊಂಟದ ಪಕ್ಕದ ಸ್ನಾಯುಗಳಿಗೆ ಒಂದೆರಡು. ಶನಿವಾರ ಉದ್ದದ ಸೈಕಲ್, ಇಳಿದ ಕೂಡಲೇ ಹದಿನೈದು ನಿಮಿಷ ಓಟ. ಭಾನುವಾರ ಉದ್ದದ ಓಟ. ಮೂರು ವಾರ ಹೀಗೆ ಸ್ವಲ್ಪ ಸ್ವಲ್ಪ ಏರಿಸಿ, ನಾಲ್ಕನೆಯ ವಾರ ಮೂರನೇ ಒಂದು ಪಾಲು ಇಳಿಸಬೇಕು. ಈ ಇಳಿಸುವ ವಾರವನ್ನು ಹಾರಿಸುವವರೇ ಹೆಚ್ಚು. ಮೈ ಹಗುರ ಅನ್ನಿಸುತ್ತಿದೆ, ಯಾಕೆ ಸುಮ್ಮನೆ ಕೂರಬೇಕು ಎಂದು ಆ ವಾರವೂ ಓಡಿ, ಐದನೆಯ ವಾರ ಕಣಕಾಲಿನ ಮುಂಭಾಗ ಹಿಡಿದುಕೊಂಡು ಕೂರುತ್ತಾರೆ.

ಅದಕ್ಕಿಂತ ದೊಡ್ಡ ತಪ್ಪು ಎಲ್ಲವನ್ನೂ ನಡುವಿನ ವೇಗದಲ್ಲಿ ಮಾಡುವುದು. ವಾರದ ತಾಲೀಮಿನಲ್ಲಿ ಸುಮಾರು ಶೇ. 80ರಷ್ಟು ಹಗುರವಾಗಿರಬೇಕು. ಹಗುರ ಎಂದರೆ ಓಡುತ್ತಲೇ ಪಕ್ಕದವರ ಜೊತೆ ಪೂರ್ತಿ ವಾಕ್ಯಗಳಲ್ಲಿ ಮಾತಾಡಲು ಆಗಬೇಕು, ಎರಡು ಪದಕ್ಕೊಮ್ಮೆ ಉಸಿರಿಗೆ ನಿಲ್ಲಬಾರದು. ಆ ವೇಗದಲ್ಲೇ ಸ್ನಾಯುವಿನ ಸೂಕ್ಷ್ಮ ರಕ್ತನಾಳಗಳು ಹೆಚ್ಚುವುದು, ಕೊಬ್ಬನ್ನು ಉರಿಸಿಕೊಳ್ಳುವ ಶಕ್ತಿ ಬೆಳೆಯುವುದು. ಹಗುರ ದಿನವನ್ನು ಸ್ವಲ್ಪ ಜೋರಾಗಿಸಿದವರು ಜೋರಿನ ದಿನ ಬಂದಾಗ ಕಾಲು ಸೋತಿರುವುದರಿಂದ ಅದನ್ನು ಸ್ವಲ್ಪ ಮೆಲ್ಲಗೆ ಮಾಡುತ್ತಾರೆ. ಎರಡರ ಲಾಭವೂ ತಪ್ಪುತ್ತದೆ, ದಣಿವು ಮಾತ್ರ ಉಳಿಯುತ್ತದೆ. ಬೆಳಿಗ್ಗೆ ಹಾಸಿಗೆಯಿಂದ ಏಳುವ ಮುಂಚೆ ನಾಡಿ ನೋಡಿಕೊಳ್ಳುವ ರೂಢಿ ಒಳ್ಳೆಯದು. ದಿನವೂ 54 ಇರುವವರಿಗೆ ಎರಡು ದಿನ ಸತತವಾಗಿ 62 ಬಂದರೆ ಅವತ್ತಿನ ಜೋರಿನ ತಾಲೀಮು ರದ್ದು. ಗಡಿಯಾರ ಹೇಳುವ ಎಚ್‌ಆರ್‌ವಿ (ಎದೆಬಡಿತಗಳ ನಡುವಿನ ಅಂತರದ ಏರುಪೇರು) ಸಂಖ್ಯೆಗಿಂತ ನಾಡಿ, ನಿದ್ದೆ, ಮನಸ್ಸಿನ ಲವಲವಿಕೆ ಮೂರನ್ನೂ ಒಟ್ಟಿಗೆ ನೋಡುವುದೇ ನಂಬಲರ್ಹ.

ಇನ್ನು ಈಜು. ದೊಡ್ಡವರಾದ ಮೇಲೆ ಈಜು ಕಲಿತವರಿಗೆ ಅತಿ ಹೆಚ್ಚು ಭಯ ಇರುವುದು ಇಲ್ಲೇ. ನದಿ, ಬಾವಿಯಲ್ಲಿ ಈಜಿ ಬೆಳೆದವರಿಗೆ ಭಯ ಇರುವುದಿಲ್ಲ, ಆದರೆ ತಲೆ ಎತ್ತಿ ಈಜುವ ಅಭ್ಯಾಸ ಬಿಡುವುದಿಲ್ಲ. ನೀರಿನಲ್ಲಿ ದೇಹ ತಕ್ಕಡಿಯ ಹಾಗೆ: ತಲೆ ಮೇಲೆ ಬಂದರೆ ಕಾಲು ಕೆಳಗೆ ಹೋಗುತ್ತದೆ. ಕೆಳಗೆ ಹೋದ ಕಾಲು ನೀರನ್ನು ಅಡ್ಡಗಟ್ಟುತ್ತದೆ. ಅದನ್ನು ಮೇಲೆತ್ತಲು ಜೋರಾಗಿ ಒದೆಯುತ್ತೇವೆ, ತೊಡೆಯ ದೊಡ್ಡ ಸ್ನಾಯುಗಳು ಆಮ್ಲಜನಕ ಕುಡಿದುಬಿಡುತ್ತವೆ, ಐವತ್ತು ಮೀಟರಿಗೆ ಏದುಸಿರು. ಹಾಗಾಗಿ ಮೊದಲು ತಿದ್ದಬೇಕಾದದ್ದು ನೋಟ: ಕಣ್ಣು ನೇರ ತಳವನ್ನು ನೋಡಬೇಕು, ನೀರು ನೆತ್ತಿಯ ಮೇಲೆ ಹಾಯಬೇಕು. ಎರಡನೆಯದು ಉಸಿರು ಬಿಡುವುದು. ಮುಖ ನೀರಿನಲ್ಲಿರುವಷ್ಟು ಹೊತ್ತೂ ಗುಳ್ಳೆ ಬರುತ್ತಿರಬೇಕು. ಉಸಿರು ಹಿಡಿದಿಟ್ಟು ತಲೆ ತಿರುಗಿಸಿದಾಗ ಬಿಟ್ಟು, ಎಳೆದುಕೊಳ್ಳುವುದು ಎರಡನ್ನೂ ಅರ್ಧ ಸೆಕೆಂಡಿನಲ್ಲಿ ಮಾಡಹೋದರೆ ಒಳಗಿನ ಇಂಗಾಲದ ಡೈಆಕ್ಸೈಡ್ ಪೂರ್ತಿ ಹೊರಬರುವುದಿಲ್ಲ. ಉಸಿರುಗಟ್ಟುವ ದಿಗಿಲಿಗೆ ಕಾರಣ ಹೆಚ್ಚಾಗಿ ಅದೇ, ಗಾಳಿಯ ಕೊರತೆಯಲ್ಲ.

ವೇಗ ಅಳೆಯಲು 400 ಮತ್ತು 200 ಮೀಟರಿನ ಪರೀಕ್ಷೆ ಸಾಕು. ನಡುವೆ ಚೆನ್ನಾಗಿ ಸುಧಾರಿಸಿಕೊಂಡು ಎರಡನ್ನೂ ಜೋರಾಗಿ ಈಜಬೇಕು. 400ಕ್ಕೆ 9 ನಿಮಿಷ, 200ಕ್ಕೆ 4 ನಿಮಿಷ 15 ಸೆಕೆಂಡು ಬಂತು ಎನ್ನಿ. ವ್ಯತ್ಯಾಸ 285 ಸೆಕೆಂಡು, ಅದರ ಅರ್ಧ 142. ಅಂದರೆ 100 ಮೀಟರಿಗೆ 2 ನಿಮಿಷ 22 ಸೆಕೆಂಡು. ವಾರದಲ್ಲೊಂದು ದಿನ ಈ ವೇಗದಲ್ಲಿ, ಹದಿನೈದು ಸೆಕೆಂಡು ಬಿಡುವು ಕೊಟ್ಟು ಹತ್ತು ಸಲ ನೂರು ಮೀಟರ್. ರೇಸಿನಲ್ಲಿ ಇದಕ್ಕಿಂತ ಎಂಟು ಹತ್ತು ಸೆಕೆಂಡು ಮೆಲ್ಲಗೆ.

ಕರ್ನಾಟಕದವರಿಗೆ ಇಲ್ಲೊಂದು ತೊಡಕಿದೆ. ಗೋವಾ ರೇಸ್ ಬರುವುದು ಅಕ್ಟೋಬರ್, ನವೆಂಬರ್ ಹೊತ್ತಿಗೆ. ಅದಕ್ಕೆ ಮುಂಚಿನ ಜೂನ್‌ನಿಂದ ಸೆಪ್ಟೆಂಬರ್ ತನಕ ಕರಾವಳಿಯಲ್ಲಿ ಮಳೆಗಾಲ, ಕಡಲಿಗೆ ಇಳಿಯುವ ಹಾಗಿಲ್ಲ. ಬೆಂಗಳೂರಿನ ಕೆರೆಗಳ ನೀರು ಈಜಲು ಯೋಗ್ಯವಲ್ಲ. ಮುತ್ತತ್ತಿ, ಸಂಗಮದ ಕಡೆ ಕಾವೇರಿಯ ಸುಳಿಗಳು ಈಜು ಬಲ್ಲವರನ್ನೂ ಎಳೆದುಕೊಂಡಿವೆ. ಅಲ್ಲಿ ತಾಲೀಮು ಮಾಡುವ ಯೋಚನೆಯೇ ಬೇಡ. ಹಾಗಾಗಿ ತೆರೆದ ನೀರಿನ ಅಭ್ಯಾಸದ ಬಹುಪಾಲು ಈಜುಕೊಳದಲ್ಲೇ ಆಗಬೇಕು. 25 ಮೀಟರ್ ಕೊಳದಲ್ಲಿ 1.9 ಕಿ.ಮೀ. ಎಂದರೆ 76 ಉದ್ದ, ಅಂದರೆ 75 ಸಲ ಗೋಡೆ ಒದ್ದು ಸಿಗುವ ಪುಕ್ಕಟೆ ವಿಶ್ರಾಂತಿ. ಗೋಡೆ ಮುಟ್ಟದೆ ಒಂದು ಮೀಟರ್ ಹಿಂದೆಯೇ ತಿರುಗಿ ಈಜಿ ನೋಡಿ, ಅದೇ ದೂರ ಎಷ್ಟು ಉದ್ದವಾಗುತ್ತದೆ ಎಂದು ಗೊತ್ತಾಗುತ್ತದೆ. ಎಂಟು ತೋಳಿಗೊಮ್ಮೆ ಕಣ್ಣು ಮಾತ್ರ ನೀರಿನ ಮೇಲೆ ಬರುವಷ್ಟು ತಲೆ ಎತ್ತಿ ಮುಂದೆ ನೋಡಿ, ಆಮೇಲೆ ಪಕ್ಕಕ್ಕೆ ತಿರುಗಿ ಉಸಿರು ಎಳೆಯಬೇಕು. ಎರಡನ್ನೂ ಒಟ್ಟಿಗೆ ಮಾಡಿದರೆ ಬಾಯಿಗೆ ಉಪ್ಪುನೀರು. ಕೊಳ ಖಾಲಿ ಇದ್ದಾಗ ಆರು ತೋಳು ಕಣ್ಣು ಮುಚ್ಚಿ ಈಜಿ, ಯಾವ ಕಡೆ ವಾಲುತ್ತೀರಿ ಎಂದು ಪತ್ತೆ ಮಾಡಿಕೊಳ್ಳಿ. ಒಂದೇ ಲೇನಿನಲ್ಲಿ ಮೂವರು ಅಕ್ಕಪಕ್ಕ ಈಜಿ ಮೈಗೆ ಮೈ ತಾಗಿಸಿಕೊಳ್ಳಿ. ಸೆಪ್ಟೆಂಬರ್ ಕೊನೆಗೆ ಕಡಲು ತಣಿದ ಮೇಲೆ, ಜೀವರಕ್ಷಕರು ಇರುವ ಕಡೆ, ಕಣ್ಣಿಗೆ ಹೊಡೆಯುವ ಬಣ್ಣದ ಬೋಯಿ (ತೇಲುವ ಚೀಲ) ಸೊಂಟಕ್ಕೆ ಕಟ್ಟಿಕೊಂಡು, ಒಬ್ಬರೇ ಅಲ್ಲದೆ ಮೂರು ನಾಲ್ಕು ಸಲ ಈಜಿದರೆ ಸಾಕಷ್ಟಾಯಿತು.

ರೇಸಿನ ದಿನ ಮೊದಲ ಇನ್ನೂರು ಮೀಟರಿನಲ್ಲಿ ದಿಗಿಲಾಗುವುದು ತೀರಾ ಸಾಮಾನ್ಯ. ಎದೆ ಹೊಡೆದುಕೊಳ್ಳುತ್ತಿರುತ್ತದೆ, ಅಲೆ ಮುಖಕ್ಕೆ ಬಡಿಯುತ್ತದೆ, ಎಲ್ಲರೂ ಮುಂದೆ ಹೋಗುತ್ತಿರುವ ಹಾಗೆ ಕಾಣುತ್ತದೆ. ಆಗ ಬೆನ್ನ ಮೇಲೆ ಮಲಗಿ ಹತ್ತು ಉಸಿರು ಉದ್ದಕ್ಕೆ ಬಿಡಿ. ಕಯಾಕ್ ಹಿಡಿದುಕೊಂಡು ನಿಲ್ಲುವುದು ನಿಯಮಕ್ಕೆ ವಿರೋಧವಲ್ಲ, ಅದು ನಿಮ್ಮನ್ನು ಮುಂದಕ್ಕೆ ಎಳೆಯಬಾರದು ಅಷ್ಟೆ. ಗೋವಾದ ನೀರು ಬೆಚ್ಚಗಿರುವುದರಿಂದ ತೇಲಿಸುವ ವೆಟ್‌ಸೂಟ್ ಲೆಕ್ಕಕ್ಕೆ ಇಟ್ಟುಕೊಳ್ಳುವ ಹಾಗಿಲ್ಲ. ಉಪ್ಪುನೀರೇ ಒಂದಿಷ್ಟು ತೇಲಿಸುತ್ತದೆ. ಕುತ್ತಿಗೆ, ಕಂಕುಳು, ತೊಡೆಸಂದಿಗೆ ವ್ಯಾಸಲಿನ್ ಹಚ್ಚದೆ ಇಳಿದರೆ ಉಪ್ಪಿಗೆ ಚರ್ಮ ಉಜ್ಜಿ, ಆಮೇಲೆ ಆರು ಗಂಟೆ ಉರಿಯುತ್ತದೆ.

ಸೈಕಲ್ ಬಗ್ಗೆ ಮೊದಲ ಮಾತು: ದುಡ್ಡಿದ್ದರೆ ಕಾರ್ಬನ್ ಚಕ್ರಕ್ಕಿಂತ ಮುಂಚೆ ಬೈಕ್ ಫಿಟ್‌ಗೆ, ಅಂದರೆ ಸೈಕಲ್ಲನ್ನು ನಿಮ್ಮ ಮೈಯಳತೆಗೆ ಹೊಂದಿಸಿಕೊಳ್ಳುವುದಕ್ಕೆ, ಖರ್ಚು ಮಾಡಿ. ಪೆಡಲ್ ಕೆಳತುದಿಯಲ್ಲಿದ್ದಾಗ ಮೊಣಕಾಲು ಪೂರ್ತಿ ನೇರವಾಗದೆ 25ರಿಂದ 35 ಡಿಗ್ರಿ ಮಡಿಸಿರಬೇಕು. ಸೀಟು ತಗ್ಗಾದರೆ ಮೊಣಕಾಲ ಚಿಪ್ಪಿನ ಮುಂದೆ ನೋವು, ಎತ್ತರವಾದರೆ ಮೊಣಕಾಲ ಹಿಂದೆ ನೋವು ಮತ್ತು ಸೊಂಟ ಎಡಬಲಕ್ಕೆ ಒಲೆಯುವುದು. ಟೈರಿಗೆ ಗಾಳಿ ತುಂಬ ಗಟ್ಟಿ ಹಾಕುವವರೇ ಬಹಳ. 70 ಕೆ.ಜಿ. ತೂಗುವವರಿಗೆ 25 ಮಿ.ಮೀ. ಟೈರಿನಲ್ಲಿ 85ರಿಂದ 90 ಪಿಎಸ್‌ಐ, 28 ಮಿ.ಮೀ. ಆದರೆ 70ರಿಂದ 75 ಸಾಕು. ನಮ್ಮ ರಸ್ತೆಗಳಲ್ಲಿ ಕಲ್ಲಿನಂಥ ಟೈರು ಪುಟಿಯುತ್ತದೆ, ಪುಟಿದಷ್ಟೂ ಶಕ್ತಿ ಪೋಲು, ಕೈ ಮರಗಟ್ಟುವುದು ಬೇರೆ.

ಪಂಕ್ಚರ್ ಹಾಕುವುದು ಮನೆಯಲ್ಲಿ ಹತ್ತು ಸಲ ಮಾಡಿ ಕೈಗೆ ಕೂರಬೇಕು. ರೇಸಿನಲ್ಲಿ ಹೊರಗಿನವರ ಸಹಾಯ ತೆಗೆದುಕೊಂಡರೆ ಅನರ್ಹತೆ. ಹಿಂದಿನ ಚಕ್ರವಾದರೆ ಮೊದಲು ಚೈನನ್ನು ಅತಿ ಚಿಕ್ಕ ಹಲ್ಲುಚಕ್ರಕ್ಕೆ ತನ್ನಿ, ಆಗ ಚಕ್ರ ಸಲೀಸಾಗಿ ಬಿಚ್ಚಿಕೊಳ್ಳುತ್ತದೆ. ಉಳಿದ ಗಾಳಿ ಪೂರ್ತಿ ಬಿಟ್ಟು, ವಾಲ್ವ್‌ನ ಎದುರು ಬದಿಯಲ್ಲಿ ಲಿವರ್ ಹಾಕಿ ಟೈರಿನ ಒಂದು ಅಂಚನ್ನು ಮಾತ್ರ ಎಬ್ಬಿಸಿ. ಟ್ಯೂಬು ಹೊರತೆಗೆದ ಮೇಲೆ ಟೈರಿನ ಒಳಗೆ ಸುತ್ತಲೂ ಬಟ್ಟೆ ಸವರಿ. ಹೆದ್ದಾರಿ ಬದಿಯಲ್ಲಿ ಸಿಗುವ ಲಾರಿ ಟೈರಿನ ಸಣ್ಣ ತಂತಿ ಅಲ್ಲೇ ಚುಚ್ಚಿಕೊಂಡಿರುತ್ತದೆ, ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ. ಅದನ್ನು ತೆಗೆಯದೆ ಹೊಸ ಟ್ಯೂಬು ಹಾಕಿದರೆ ಎರಡು ಕಿಲೋಮೀಟರಿಗೆ ಮತ್ತೆ ಪಂಕ್ಚರ್. ಹೊಸ ಟ್ಯೂಬಿಗೆ ಬಾಯಿಂದ ಊದಿ ಸ್ವಲ್ಪ ಆಕಾರ ಬರಿಸಿ ಒಳಗೆ ಕೂರಿಸಿ, ಟೈರಿನ ಕೊನೆಯ ಬಿಗಿ ಭಾಗವನ್ನು ಹೆಬ್ಬೆರಳಿನಿಂದಲೇ ಒತ್ತಿ ಒಳಗೆ ಹಾಕಿ. ಅಲ್ಲಿ ಲಿವರ್ ಬಳಸಿದರೆ ಟ್ಯೂಬು ನಡುವೆ ಸಿಕ್ಕಿ ಹರಿಯುತ್ತದೆ. ಎರಡೂ ಬದಿ ಹಿಂಡಿ, ಟ್ಯೂಬು ರಿಮ್ಮಿಗೆ ಕಚ್ಚಿಲ್ಲ ಎಂದು ನೋಡಿಕೊಂಡ ಮೇಲೆ 16 ಗ್ರಾಮಿನ ಸಿಒಟು (ಇಂಗಾಲದ ಡೈಆಕ್ಸೈಡ್) ಸಿಲಿಂಡರಿನಿಂದ ಟೈರು ತುಂಬಿ. ಆ ಅನಿಲ ರಬ್ಬರಿನ ಮೂಲಕ ಬೇಗ ಸೋರಿಹೋಗುವುದರಿಂದ ಮರುದಿನ ಪಂಪಿನಿಂದ ಮತ್ತೆ ಗಾಳಿ ಹಾಕಬೇಕು.

ಬೆಂಗಳೂರಿನವರು ನಂದಿ ಬೆಟ್ಟ ಹತ್ತುವುದರಲ್ಲೇ ಶನಿವಾರಗಳನ್ನು ಕಳೆಯುತ್ತಾರೆ. ಅದು ಒಳ್ಳೆಯ ತಾಲೀಮು ನಿಜ, ಆದರೆ 70.3ಕ್ಕೆ ಬೇಕಾದದ್ದು ಮೂರು ಗಂಟೆ ಒಂದೇ ಸಮನೆ ತುಳಿಯುವ ರೂಢಿ. ಬೆಟ್ಟದಲ್ಲಿ ಅರ್ಧ ಗಂಟೆ ಜೋರು, ಆಮೇಲೆ ಬ್ರೇಕ್ ಹಿಡಿದು ಇಳಿತ. ತಿಂಗಳಿಗೊಮ್ಮೆ ಬೆಟ್ಟ ಸಾಕು. ಉಳಿದ ವಾರಗಳಲ್ಲಿ ದೇವನಹಳ್ಳಿ ಕಡೆಯ ಸಮತಟ್ಟು ರಸ್ತೆಯಲ್ಲಿ, ಬೆಳಕು ಹರಿದ ಮೇಲೆ, ಹಿಂದೆ ಕೆಂಪು ದೀಪ ಉರಿಸಿಕೊಂಡು ನಿಮಿಷಕ್ಕೆ 85-90 ಸುತ್ತು ತುಳಿಯಿರಿ. ಗುಂಪಿನಲ್ಲಿ ಹೋಗುವವರು ಒಂದು ಗಮನಿಸಬೇಕು: ಹವ್ಯಾಸಿಗಳ ರೇಸಿನಲ್ಲಿ ಮುಂದಿನವರ ಹಿಂದೆ 12 ಮೀಟರ್ ಅಂತರ ಇರಬೇಕು, ದಾಟಲು 25 ಸೆಕೆಂಡು. ತಪ್ಪಿದರೆ ಐದು ನಿಮಿಷ ದಂಡ. ಗೆಳೆಯರ ಮರೆಯಲ್ಲಿ 32 ಕಿ.ಮೀ. ವೇಗ ಕಂಡವರಿಗೆ ಒಂಟಿಯಾಗಿ ಗಾಳಿಗೆ ಮುಖ ಕೊಟ್ಟಾಗ 27ಕ್ಕೆ ಇಳಿಯುವುದು ಬೇಸರ ತರಿಸುತ್ತದೆ, ಕಾಲನ್ನು ಅಲ್ಲೇ ಸುಟ್ಟುಕೊಳ್ಳುತ್ತಾರೆ.

ತುಳಿತದ ಶಕ್ತಿಯನ್ನು ವ್ಯಾಟ್‌ನಲ್ಲಿ ಅಳೆಯುವ ಪವರ್ ಮೀಟರ್ ಇದ್ದರೆ ಇಪ್ಪತ್ತು ನಿಮಿಷ ಪೂರ್ತಿ ಜೋರಿನ ಸರಾಸರಿಯ ಶೇ. 95 ನಿಮ್ಮ ಎಫ್‌ಟಿಪಿ, ಅಂದರೆ ಸುಮಾರು ಒಂದು ಗಂಟೆ ಹಿಡಿದಿಡಬಹುದಾದ ಗರಿಷ್ಠ ಶಕ್ತಿ. 210 ವ್ಯಾಟ್ ಬಂದರೆ ಎಫ್‌ಟಿಪಿ 200. ರೇಸಿನಲ್ಲಿ 140ರಿಂದ 150 ವ್ಯಾಟ್ ಮೀರಬಾರದು. ಮೊದಲ ಒಂದು ಗಂಟೆ ಇದು ನಾಚಿಕೆಯಾಗುವಷ್ಟು ಸುಲಭ ಅನ್ನಿಸುತ್ತದೆ. ಅನ್ನಿಸಲೇಬೇಕು. ಸೈಕಲ್‌ನಲ್ಲಿ ಹತ್ತು ನಿಮಿಷ ಉಳಿಸಿದವರು ಓಟದಲ್ಲಿ ನಲವತ್ತು ನಿಮಿಷ ನಡೆದು ಕಳೆಯುವುದನ್ನು ಯಾವ ರೇಸಿನಲ್ಲಾದರೂ ನೋಡಬಹುದು.

ಸೈಕಲ್ ಇಳಿದು ಓಡಲು ಶುರು ಮಾಡಿದಾಗ ಕಾಲು ತನ್ನದಲ್ಲ ಅನ್ನಿಸುತ್ತದೆ. ಮೂರು ಗಂಟೆ ಒಂದೇ ಬಗೆಯ ಸುತ್ತಿಗೆ ಒಗ್ಗಿದ ಸ್ನಾಯುಗಳಿಗೆ ಓಟದ ಲಯ ಹಿಡಿಯಲು ಎರಡು ಮೂರು ಕಿಲೋಮೀಟರ್ ಬೇಕು. ಶನಿವಾರದ ಹದಿನೈದು ನಿಮಿಷದ ಓಟ ಇದಕ್ಕೆಂದೇ. ಅದನ್ನು ಒಂದು ಗಂಟೆಗೆ ಬೆಳೆಸಿದರೆ ಲಾಭ ಕಡಿಮೆ, ಗಾಯದ ಸಂಭವ ಹೆಚ್ಚು. ರೇಸಿನಲ್ಲಿ ಮೊದಲ ಮೂರು ಕಿಲೋಮೀಟರನ್ನು ಗುರಿಗಿಂತ ಹದಿನೈದು ಸೆಕೆಂಡು ಮೆಲ್ಲಗೆ ಓಡಿ, ನೀರಿನ ಸ್ಟೇಷನ್‌ಗಳಲ್ಲಿ ಮೂವತ್ತು ಹೆಜ್ಜೆ ನಡೆದು ಕುಡಿಯಿರಿ. ಓಡುತ್ತಾ ಕುಡಿದ ನೀರು ಬಾಯಿಗಿಂತ ಬಟ್ಟೆಗೇ ಹೆಚ್ಚು.

ಈಗ ಹೊಟ್ಟೆಯ ಲೆಕ್ಕ. ಗಂಟೆಗೆ 60ರಿಂದ 80 ಗ್ರಾಂ ಪಿಷ್ಟ, ಸಕ್ಕರೆ ಒಳಗೆ ಹೋಗಬೇಕು. ಕರುಳು ಬರೀ ಗ್ಲೂಕೋಸ್ ಅನ್ನು ಗಂಟೆಗೆ ಸುಮಾರು 60 ಗ್ರಾಮಿಗಿಂತ ಹೆಚ್ಚು ಹೀರುವುದಿಲ್ಲ. ಫ್ರಕ್ಟೋಸ್‌ಗೆ ಬೇರೆ ದಾರಿ ಇರುವುದರಿಂದ ಎರಡೂ ಇದ್ದರೆ ಅದಕ್ಕಿಂತ ಹೆಚ್ಚು ಹಿಡಿಸುತ್ತದೆ. ಮನೆಯ ಸಕ್ಕರೆಯಲ್ಲಿ ಎರಡೂ ಅರ್ಧರ್ಧ ಇದೆ. ಒಂದು ಲೀಟರ್ ನೀರಿಗೆ 60 ಗ್ರಾಂ ಸಕ್ಕರೆ (ಐದು ದೊಡ್ಡ ಚಮಚ), ಕಾಲು ಟೀ ಚಮಚ ಉಪ್ಪು, ಒಂದು ನಿಂಬೆಹಣ್ಣು: ದುಬಾರಿ ಪ್ಯಾಕೆಟ್‌ಗಳ ಕೆಲಸ ಇಷ್ಟರಿಂದಲೇ ಆಗುತ್ತದೆ. ಕಾಲು ಚಮಚ ಉಪ್ಪಿನಲ್ಲಿ ಸುಮಾರು 600 ಮಿ.ಗ್ರಾಂ ಸೋಡಿಯಂ ಇದೆ. ಗಂಟೆಗೆ ಇದರ ಮುಕ್ಕಾಲು ಲೀಟರ್, ಜೊತೆಗೆ ಎರಡು ಏಲಕ್ಕಿ ಬಾಳೆಹಣ್ಣು ಅಥವಾ ಒಂದು ಜೆಲ್ (ಪೊಟ್ಟಣದಲ್ಲಿ ಸಿಗುವ ಗಟ್ಟಿ ಸಕ್ಕರೆಪಾಕ) ಸೇರಿದರೆ ಗುರಿ ಮುಟ್ಟುತ್ತದೆ. ಅಂಗಡಿಯ ಓಆರ್‌ಎಸ್ ಪುಡಿಯನ್ನು ಇದರ ಬದಲಿಗೆ ಬಳಸುವವರಿದ್ದಾರೆ. ಅದರಲ್ಲಿ ಲೀಟರಿಗೆ ಗ್ಲೂಕೋಸ್ 13.5 ಗ್ರಾಂ ಮಾತ್ರ. ಉಪ್ಪು ಸಿಗುತ್ತದೆ, ಶಕ್ತಿ ಸಿಗುವುದಿಲ್ಲ. ರಾಗಿ ಅಂಬಲಿ ಮನೆಯಲ್ಲಿ ತಂಪು, ರೇಸಿನ ಸೈಕಲ್ ಮೇಲೆ ಹೊಟ್ಟೆಗೆ ಭಾರ. ಅದನ್ನು ಹಿಂದಿನ ದಿನಗಳಿಗೆ ಇಡಿ.

ನೀರು ಎಷ್ಟು ಎಂಬುದು ಒಬ್ಬೊಬ್ಬರಿಗೆ ಒಂದೊಂದು. ಒಂದು ಗಂಟೆ ಓಡುವ ಮುಂಚೆ, ಆಮೇಲೆ ಮೈ ಒರೆಸಿಕೊಂಡು ತೂಕ ನೋಡಿ. 68 ಕೆ.ಜಿ. ಇದ್ದವರು 67.1ಕ್ಕೆ ಇಳಿದು ನಡುವೆ ಅರ್ಧ ಲೀಟರ್ ಕುಡಿದಿದ್ದರೆ ಗಂಟೆಗೆ ಹೋದ ಬೆವರು 1.4 ಲೀಟರ್. ಅಷ್ಟನ್ನೂ ತುಂಬಿಸಲು ಹೋಗಬಾರದು, ಹೊಟ್ಟೆ ಒಪ್ಪುವುದಿಲ್ಲ. ಬರೀ ನೀರು ಅತಿಯಾಗಿ ಕುಡಿದರೆ ರಕ್ತದ ಸೋಡಿಯಂ ಇಳಿದು ತಲೆನೋವು, ವಾಕರಿಕೆ, ಬೆರಳು ಊದಿ ಉಂಗುರ ಬಿಗಿಯಾಗುವುದು, ಮಾತು ತೊದಲುವುದು ಕಾಣಿಸುತ್ತದೆ. ಇದನ್ನು ನಿರ್ಜಲೀಕರಣ ಎಂದು ತಪ್ಪು ತಿಳಿದು ಇನ್ನಷ್ಟು ನೀರು ಕುಡಿಸಿದರೆ ಜೀವಕ್ಕೆ ಅಪಾಯ. ಬೆಂಗಳೂರಿನ ತಂಪಿಗೆ ಒಗ್ಗಿದವರಿಗೆ ಗೋವಾದ ಸೆಕೆ ಬೇರೆಯೇ ಪರೀಕ್ಷೆ. ಗಾಳಿಯಲ್ಲಿ ತೇವ ತುಂಬಿದ್ದಾಗ ಬೆವರು ಆರುವುದಿಲ್ಲ, ಸುರಿದುಹೋಗುತ್ತದೆ, ಮೈ ತಣಿಯುವುದಿಲ್ಲ. ರೇಸಿಗೆ ಹತ್ತರಿಂದ ಹದಿನಾಲ್ಕು ದಿನ ಮುಂಚಿನಿಂದ ಮಧ್ಯಾಹ್ನದ ಹೊತ್ತು ಮುಕ್ಕಾಲು ಗಂಟೆ ಹಗುರವಾಗಿ ಓಡಿದರೆ ಅಥವಾ ಟ್ರೇನರ್ ಮೇಲೆ ಫ್ಯಾನ್ ಇಲ್ಲದೆ ತುಳಿದರೆ ದೇಹ ಹೊಂದಿಕೊಳ್ಳುತ್ತದೆ: ರಕ್ತದ ದ್ರವಭಾಗ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಉಪ್ಪು ಕಡಿಮೆಯಾಗುತ್ತದೆ.

ಇದೇ ಎರಡು ವಾರ ತಾಲೀಮನ್ನು ಅರ್ಧಕ್ಕೆ ಇಳಿಸುವ ಕಾಲವೂ ಹೌದು. ಹೊತ್ತು ಕಡಿಮೆ, ಆದರೆ ನಡುನಡುವೆ ರೇಸಿನ ವೇಗದ ಚಿಕ್ಕ ತುಣುಕುಗಳು ಇರಲಿ. ರೇಸಿನ ಹಿಂದಿನ ರಾತ್ರಿ ನಿದ್ದೆ ಬರದಿದ್ದರೆ ಚಿಂತೆ ಬೇಡ, ಅದಕ್ಕೂ ಹಿಂದಿನ ಎರಡು ರಾತ್ರಿಗಳು ಮುಖ್ಯ. ರೇಸಿನ ಬೆಳಿಗ್ಗೆ, ಶುರುವಾಗಲು ಮೂರು ಗಂಟೆ ಇರುವಾಗ, ನಾಲ್ಕೈದು ಇಡ್ಲಿ ಸಕ್ಕರೆ ಅಥವಾ ಜೇನಿನ ಜೊತೆ, ಒಂದು ಬಾಳೆಹಣ್ಣು. ಸಾಂಬಾರು, ಚಟ್ನಿಯ ಖಾರ, ನಾರು ಬೇಡ. ಟ್ರಾನ್ಸಿಷನ್‌ನಲ್ಲಿ ಹೆಲ್ಮೆಟ್ ತಲೆಕೆಳಗಾಗಿ ಹ್ಯಾಂಡಲ್ ಮೇಲೆ, ಅದರೊಳಗೆ ಕನ್ನಡಕ, ಪಕ್ಕದಲ್ಲಿ ನಂಬರಿನ ಬೆಲ್ಟು. ಕಾಲುಚೀಲಕ್ಕೆ ಮೊದಲೇ ಪೌಡರ್ ಉದುರಿಸಿಟ್ಟರೆ ಒದ್ದೆ ಕಾಲು ಒಳಗೆ ಜಾರುತ್ತದೆ. ಸೈಕಲ್ ಮುಟ್ಟುವ ಮುಂಚೆ ಹೆಲ್ಮೆಟ್ಟಿನ ಪಟ್ಟಿ ಬಿಗಿದಿರಬೇಕು, ಸೈಕಲ್ ಸ್ಟ್ಯಾಂಡಿಗೆ ಸಿಕ್ಕಿಸಿದ ಮೇಲೆಯೇ ಬಿಚ್ಚಬೇಕು.

ಗೆರೆ ದಾಟಿದ ಕೂಡಲೇ ಕೂರಬೇಡಿ. ಓಡುವಾಗ ಕಾಲಿನ ರಕ್ತವನ್ನು ಮೇಲಕ್ಕೆ ತಳ್ಳುತ್ತಿದ್ದದ್ದು ಮೀನಖಂಡ. ಥಟ್ಟನೆ ನಿಂತರೆ ರಕ್ತ ಕಾಲಲ್ಲೇ ಉಳಿದು ತಲೆ ಸುತ್ತಿ ಬೀಳುವುದುಂಟು. ಹತ್ತು ನಿಮಿಷ ನಡೆಯಿರಿ, ಸಿಹಿ, ಉಪ್ಪು ಎರಡೂ ಇರುವುದನ್ನು ಗುಟುಕು ಗುಟುಕಾಗಿ ಕುಡಿಯಿರಿ. ಎರಡು ಗಂಟೆಯೊಳಗೆ ಅನ್ನ, ಜೊತೆಗೆ 25-30 ಗ್ರಾಂ ಪ್ರೋಟೀನ್. ನೋವಿಗೆ ಐಬುಪ್ರೊಫೆನ್, ಡೈಕ್ಲೋಫೆನಾಕ್ ನುಂಗುವ ಚಾಳಿ ನಮ್ಮಲ್ಲಿ ಬಹಳ. ನೀರಿನಂಶ ಇಳಿದ ದೇಹದಲ್ಲಿ ಇವು ಮೂತ್ರಪಿಂಡಕ್ಕೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತವೆ. ಅವತ್ತು, ಮರುದಿನ ಬೇಡವೇ ಬೇಡ. ಮೂತ್ರ ಹಾಲಿಲ್ಲದ ಕಾಫಿಯ ಬಣ್ಣಕ್ಕೆ ಬಂದರೆ, ಜೊತೆಗೆ ತೊಡೆ ಊದಿ ನೋಯುತ್ತಿದ್ದರೆ, ಕಾಯದೆ ಆಸ್ಪತ್ರೆಗೆ ಹೋಗಿ. ಒಡೆದ ಸ್ನಾಯುವಿನ ಪ್ರೋಟೀನ್ ಮೂತ್ರಪಿಂಡ ಸೇರುತ್ತಿರುವ ಲಕ್ಷಣ ಅದು.

ಮೈಕೈ ನೋವು ಎರಡನೆಯ, ಮೂರನೆಯ ದಿನಕ್ಕೆ ಹೆಚ್ಚುತ್ತದೆ, ಮೆಟ್ಟಿಲು ಇಳಿಯುವಾಗ ಗೊತ್ತಾಗುತ್ತದೆ. ನಾಲ್ಕೈದು ದಿನ ನಡಿಗೆ, ಮೆಲ್ಲನೆ ಈಜು. ಎರಡನೆಯ ವಾರ ಹಗುರ ಸೈಕಲ್. ಓಟಕ್ಕೆ ಏಳರಿಂದ ಹತ್ತು ದಿನ ಕಾಯಿರಿ. ನೋವು ಹೋಗಿದ್ದರೂ ಒಳಗಿನ ಎಳೆಗಳು ಇನ್ನೂ ಮಾಗುತ್ತಿರುತ್ತವೆ. ಇದೇ ವಾರಗಳಲ್ಲಿ ಮಂಕು ಕವಿಯುವುದೂ ಸಹಜ. ಆರು ತಿಂಗಳು ದಿನಕ್ಕೊಂದು ಗುರಿ ಇದ್ದವರಿಗೆ ಏಕಾಏಕಿ ಏನೂ ಇರುವುದಿಲ್ಲ. ಆ ಖಾಲಿ ತುಂಬಲು ಮರುದಿನವೇ ಇನ್ನೊಂದು ರೇಸಿಗೆ ದುಡ್ಡು ಕಟ್ಟುವುದನ್ನು ಒಂದು ತಿಂಗಳಾದರೂ ಮುಂದೂಡಿ, ಮನೆಯವರಿಗೆ ಕೊಡಬೇಕಾದ ಭಾನುವಾರಗಳನ್ನು ಮೊದಲು ಕೊಡಿ.

ವರ್ಷವಿಡೀ ಸುಧಾರಣೆಗೆ ತಡೆಯಾಗುವುದು ಹೆಚ್ಚಾಗಿ ಊಟದ ಕೊರತೆ. 65 ಕೆ.ಜಿ. ತೂಗುವವರಿಗೆ ದಿನಕ್ಕೆ 100 ಗ್ರಾಂ ಪ್ರೋಟೀನ್ ಬೇಕು, ಅನ್ನ ಸಾರಿನಿಂದ ಅದು ಬರುವುದಿಲ್ಲ. ಬೆಳಿಗ್ಗೆ ಮೊಳಕೆ ಕಾಳಿನ ಉಸಲಿ, ಮಧ್ಯಾಹ್ನ ಹುರುಳಿ ಅಥವಾ ಗಟ್ಟಿ ಬೇಳೆ ಮತ್ತು ಮೊಸರು, ಸಂಜೆ ಹಿಡಿ ಕಡಲೆಬೀಜ, ರಾತ್ರಿ ಪನೀರ್, ಸೋಯಾ, ಮೊಟ್ಟೆ, ಮೀನು ಯಾವುದಾದರೊಂದು ಎಂದು ಹಂಚಿಕೊಂಡರೆ ಹತ್ತಿರ ಬರುತ್ತದೆ. ಸಸ್ಯಾಹಾರಿಗಳು ವರ್ಷಕ್ಕೊಮ್ಮೆ ಹಿಮೋಗ್ಲೋಬಿನ್ ಜೊತೆ ಫೆರಿಟಿನ್, ಬಿ12 ಕೂಡ ನೋಡಿಸಬೇಕು. ಹಿಮೋಗ್ಲೋಬಿನ್ ಸರಿಯಿದ್ದು ಕಬ್ಬಿಣದ ದಾಸ್ತಾನು ಮಾತ್ರ ಬರಿದಾಗಿರುವುದುಂಟು. ತಾಲೀಮು ಏರಿಸಿದ ಮೇಲೆ ಮುಟ್ಟು ನಿಂತಿತೆಂದರೆ ಅದನ್ನು ಫಿಟ್‌ನೆಸ್ಸಿನ ಗುರುತೆಂದು ಸುಮ್ಮನಿರಬಾರದು. ತಿನ್ನುವುದು ಸಾಲುತ್ತಿಲ್ಲ, ಮೂಳೆ ತೆಳುವಾಗುತ್ತಿದೆ ಎಂಬ ಎಚ್ಚರಿಕೆ ಅದು. ಮೂರು ತಿಂಗಳು ಕಾಯದೆ ವೈದ್ಯೆಯನ್ನು ಕಾಣಿ.

ಮಳೆಗಾಲದ ತಾಲೀಮಿನ ನಡುವೆ ಡೆಂಗಿ, ವೈರಲ್ ಜ್ವರ ಬರುವುದು ನಮ್ಮಲ್ಲಿ ಸಾಮಾನ್ಯ. ಜ್ವರವಿದ್ದಾಗ ಜೋರಾಗಿ ಓಡಿದರೆ ಹೃದಯದ ಸ್ನಾಯುವಿಗೆ ಉರಿಯೂತ ತಗಲುವ ಅಪಾಯವಿದೆ. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಇಳಿದಿರುವಾಗ ಸೈಕಲ್‌ನಿಂದ ಒಂದು ಸಣ್ಣ ಬೀಳುವಿಕೆಯೂ ದೊಡ್ಡ ರಕ್ತಸ್ರಾವವಾಗಬಹುದು. ಜ್ವರ ಬಿಟ್ಟ ಒಂದು ವಾರದ ಮೇಲೆ, ವೈದ್ಯರು ಸೈ ಎಂದರೆ, ಇಪ್ಪತ್ತು ನಿಮಿಷದ ನಡಿಗೆಯಿಂದ ಶುರು ಮಾಡಿ, ನಾಡಿ ಮೊದಲಿನ ಮಟ್ಟಕ್ಕೆ ಬರುವ ತನಕ ಹಗುರವಾಗಿಯೇ ಇರಿ. ತಪ್ಪಿದ ವಾರಗಳನ್ನು ಆಮೇಲೆ ಸೇರಿಸಿ ಮಾಡುವ ಹಾಗಿಲ್ಲ. ವೇಳಾಪಟ್ಟಿಯಲ್ಲಿ ಈಗ ಯಾವ ವಾರ ಬಂದಿದೆಯೋ ಅದರ ಹಗುರ ಭಾಗವನ್ನಷ್ಟೇ ಎತ್ತಿಕೊಳ್ಳಿ. ರೇಸಿಗೆ ಆರು ವಾರಕ್ಕಿಂತ ಕಡಿಮೆ ಉಳಿದಿದ್ದರೆ ಸಂಘಟಕರ ಬಳಿ ಮುಂದಿನ ವರ್ಷಕ್ಕೆ ವರ್ಗಾಯಿಸಲು ಆಗುತ್ತದೆಯೇ ಎಂದು ಕೊನೆಯ ದಿನಾಂಕ ದಾಟುವ ಮುಂಚೆ ವಿಚಾರಿಸಿ.